ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಷನ್‌ಗೆ ಇಂಟಿಗ್ರೇಷನ್ ಟೆಸ್ಟ್: ಸ್ಲೀಪ್ ತೆಗೆಯಿರಿ, ಸರ್ವರ್ ಬೀಳಿಸಿ

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೊಸ ಬಗೆಯ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ರಚನೆ) ಒಂದನ್ನು ಎಕ್ಸ್‌ಟೆನ್ಷನ್ ಆಗಿ, ಅಂದರೆ ಹೊರಗಿನಿಂದ ಸೇರಿಸುವ ಭಾಗವಾಗಿ, ಬರೆಯುತ್ತಿದ್ದೇವೆ. ಒಳಗಿನ ಫಂಕ್ಷನ್‌ಗಳಿಗೆ ಯೂನಿಟ್ ಟೆಸ್ಟ್ ಇದೆ. ನಿಜವಾದ ಸರ್ವರ್ ಮೇಲೆ ಓಡುವ ಕೆಲವು ಎಸ್‌ಕ್ಯುಎಲ್ ಟೆಸ್ಟ್‌ಗಳನ್ನೂ ಬರೆದಿದ್ದೇವೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲ ಪಾಸ್, ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಆಗಾಗ ಫೇಲ್, ಮತ್ತೆ ಓಡಿಸಿದರೆ ಪಾಸ್. ಅಲ್ಲಲ್ಲಿ ಸ್ಲೀಪ್ (ಇಷ್ಟು ಸೆಕೆಂಡ್ ಸುಮ್ಮನೆ ಕಾಯುವ ಆಜ್ಞೆ) ಹಾಕಿ ತೇಪೆ ಹಚ್ಚುತ್ತಿದ್ದೇವೆ. ಇವನ್ನು ಸರಿಯಾಗಿ ಬರೆಯುವುದು, ಓಡಿಸುವುದು ಹೇಗೆ?

ಉತ್ತರ: ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತಿದೆ ಎಂದರೆ ನೀವು ನಿರ್ಧರಿಸದೆ ಬಿಟ್ಟ ಯಾವುದನ್ನೋ ಯಂತ್ರ ತನ್ನ ಪಾಡಿಗೆ ನಿರ್ಧರಿಸುತ್ತಿದೆ. ಸಾಲುಗಳ ಕ್ರಮ, ಪ್ಲಾನರ್ ಆರಿಸುವ ಪ್ಲಾನ್ (ಕ್ವೆರಿಯನ್ನು ಓಡಿಸುವ ದಾರಿ), ಎರಡು ಸೆಷನ್‌ಗಳಲ್ಲಿ ಯಾವುದು ಮುಂದೆ, ಸತ್ತ ಸಾಲುಗಳನ್ನು ಹಿನ್ನೆಲೆಯಲ್ಲಿ ಗುಡಿಸುವ ಆಟೊವ್ಯಾಕ್ಯೂಮ್ ಯಾವ ಗಳಿಗೆಯಲ್ಲಿ ಬಂತು, ಇವೆಲ್ಲ ಆ ಪಟ್ಟಿಯಲ್ಲಿವೆ. ಸ್ಲೀಪ್ ಇವುಗಳಲ್ಲಿ ಒಂದನ್ನೂ ನಿರ್ಧರಿಸುವುದಿಲ್ಲ. ಫೇಲ್ ಆಗುವ ಸಂಭವವನ್ನು ಒಂದಿಷ್ಟು ತಗ್ಗಿಸಿ, ಪ್ರತಿ ಓಟವನ್ನೂ ನಿಧಾನ ಮಾಡುತ್ತದೆ, ಅಷ್ಟೇ. ನೀವು ಕೇಳದ ಇನ್ನೊಂದು ಮಾತನ್ನೂ ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ಕ್ರ್ಯಾಶ್ ಎಂಬ ಪದವೇ ಇಲ್ಲ. ಇಂಡೆಕ್ಸ್ ಬರೆಯುವವರಿಗೆ ಸಿಐ ಕೆಂಪಾಗುವುದಕ್ಕಿಂತ ದೊಡ್ಡ ಅಪಾಯ ಇರುವುದು ಅಲ್ಲಿ. ಅದಕ್ಕೆ ಕೆಳಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಉಪಕರಣಗಳು. ಪೋಸ್ಟ್‌ಗ್ರೆಸ್ ಜೊತೆಗೇ ಮೂರು ಬರುತ್ತವೆ. ಪಿಜಿ_ರಿಗ್ರೆಸ್ ಒಂದೇ ಸೆಷನ್‌ನಲ್ಲಿ ಎಸ್‌ಕ್ಯುಎಲ್ ಫೈಲ್ ಓಡಿಸಿ, ಬಂದ ಔಟ್‌ಪುಟ್ಟನ್ನು ಎಕ್ಸ್‌ಪೆಕ್ಟೆಡ್ ಫೋಲ್ಡರ್‌ನಲ್ಲಿರುವ ಫೈಲಿಗೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಐಸೊಲೇಷನ್ ಟೆಸ್ಟರ್ ಹಲವು ಸೆಷನ್‌ಗಳ ಹೆಜ್ಜೆಗಳನ್ನು ನೀವು ಹೇಳಿದ ಕ್ರಮದಲ್ಲಿ ನಡೆಸುತ್ತದೆ. ಪರ್ಲ್‌ನಲ್ಲಿ ಬರೆಯುವ ಟ್ಯಾಪ್ ಟೆಸ್ಟ್‌ಗಳು ಹೊಸ ಸರ್ವರ್‌ಗಳನ್ನೇ ಹುಟ್ಟುಹಾಕಿ, ನಿಲ್ಲಿಸಿ, ಕೊಂದು, ಸ್ಟ್ಯಾಂಡ್‌ಬೈ (ಮೂಲ ಸರ್ವರ್‌ನ ಬದಲಾವಣೆಗಳನ್ನು ಅನುಸರಿಸುವ ನಕಲು ಸರ್ವರ್) ಕಟ್ಟಿ ನೋಡುತ್ತವೆ. ಎಕ್ಸ್‌ಟೆನ್ಷನ್‌ನ ಮೇಕ್‌ಫೈಲಿನಲ್ಲಿ ರಿಗ್ರೆಸ್, ಐಸೊಲೇಷನ್ ಎಂಬ ಎರಡು ವೇರಿಯಬಲ್‌ಗಳಿಗೆ ಟೆಸ್ಟ್ ಹೆಸರುಗಳನ್ನು ಕೊಟ್ಟು, ಟ್ಯಾಪ್_ಟೆಸ್ಟ್ಸ್‌ಗೆ 1 ಎಂದು ಬರೆದರೆ ಮೂರೂ ಒಂದೇ ಆಜ್ಞೆಯಲ್ಲಿ ಓಡುತ್ತವೆ. ಪಿಜಿಎಕ್ಸ್‌ಎಸ್ (ಎಕ್ಸ್‌ಟೆನ್ಷನ್ ಬಿಲ್ಡ್ ಮಾಡಲು ಪೋಸ್ಟ್‌ಗ್ರೆಸ್ ಕೊಡುವ ಮೇಕ್‌ಫೈಲ್ ವ್ಯವಸ್ಥೆ) ಬಳಸುವ ಎಕ್ಸ್‌ಟೆನ್ಷನ್‌ನಲ್ಲಿ ಮೇಕ್ ಚೆಕ್ ನಡೆಯುವುದಿಲ್ಲ. ಮೊದಲು ಮೇಕ್ ಇನ್‌ಸ್ಟಾಲ್, ಆಮೇಲೆ ಮೇಕ್ ಇನ್‌ಸ್ಟಾಲ್‌ಚೆಕ್.

ಇನ್‌ಸ್ಟಾಲ್‌ಚೆಕ್‌ನಲ್ಲಿ ಮೊದಲೆರಡು ಬಗೆಯ ಟೆಸ್ಟ್‌ಗಳು ಆಗಲೇ ಓಡುತ್ತಿರುವ ಸರ್ವರ್ ಮೇಲೆ ನಡೆಯುತ್ತವೆ. ನಿಮ್ಮ ಲ್ಯಾಪ್‌ಟಾಪಿನ ಸರ್ವರ್‌ಗೂ ಸಿಐ ಸರ್ವರ್‌ಗೂ ಸೆಟ್ಟಿಂಗ್ ಬೇರೆಯಾದರೆ ಫಲಿತಾಂಶವೂ ಬೇರೆಯಾಗುತ್ತದೆ. ಹಾಗಾಗಿ ಎರಡೂ ಕಡೆ ಪ್ರತಿ ಸಲ ಹೊಸದಾಗಿ ಇನಿಟ್‌ಡಿಬಿ ಮಾಡಿದ (ಖಾಲಿ ಡೇಟಾ ಫೋಲ್ಡರ್ ಕಟ್ಟಿದ), ಒಂದೇ ಕಾನ್ಫಿಗ್ ಫೈಲ್ ಇರುವ ಸರ್ವರ್ ಎಬ್ಬಿಸಿ. ಪ್ಯಾಕೇಜಿನಿಂದ ಬಂದ ಸರ್ವರ್ ಸಾಲದು. ಕನ್ಫಿಗರ್ ಮಾಡುವಾಗ ಎನೇಬಲ್-ಕ್ಯಾಸರ್ಟ್, ಎನೇಬಲ್-ಡೀಬಗ್, ಎನೇಬಲ್-ಟ್ಯಾಪ್-ಟೆಸ್ಟ್ಸ್ ಆಯ್ಕೆಗಳನ್ನು ಕೊಟ್ಟು ನೀವೇ ಬಿಲ್ಡ್ ಮಾಡಿ. ಟ್ಯಾಪ್‌ಗೆ ಪರ್ಲ್‌ನ ಐಪಿಸಿ-ರನ್ ಮಾಡ್ಯೂಲ್ ಬೇಕು. ಅಸರ್ಟ್‌ಗಳಿಲ್ಲದ (ಕೋಡ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ಸಾಲುಗಳಿಲ್ಲದ) ಸರ್ವರ್‌ನಲ್ಲಿ ಪಾಸಾದ ಇಂಡೆಕ್ಸ್ ಕೋಡನ್ನು ನಾನಂತೂ ಪಾಸಾಯಿತು ಎನ್ನುವುದಿಲ್ಲ. ಬಫರ್ ಪಿನ್ (ಪೇಜನ್ನು ಮೆಮೊರಿಯಲ್ಲಿ ಹಿಡಿದಿಡುವುದು), ಲಾಕ್ ಬಿಡುವ ತಪ್ಪುಗಳಲ್ಲಿ ಬಹುಪಾಲು ಅಸರ್ಟ್‌ಗಳಲ್ಲೇ ಸಿಕ್ಕಿಬೀಳುತ್ತವೆ.

ಈಗ ಪಿಜಿ_ರಿಗ್ರೆಸ್. ನಿಮ್ಮ ಆಗಾಗಿನ ಫೇಲ್‌ಗಳಿಗೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ಆರ್ಡರ್ ಬೈ ಇಲ್ಲದ ಸೆಲೆಕ್ಟ್ ಮೊದಲ ಶಂಕಿತ. ಚಿಕ್ಕ ಟೇಬಲ್‌ನಲ್ಲಿ ಸಾಲುಗಳು ಹಾಕಿದ ಕ್ರಮದಲ್ಲೇ ಬರುವುದರಿಂದ ಮೋಸ ಹೋಗುತ್ತೇವೆ. ಟೇಬಲ್ ಗಾತ್ರ ಶೇರ್ಡ್ ಬಫರ್ಸ್‌ನ (ಪೇಜ್‌ಗಳಿಗೆಂದು ಸರ್ವರ್ ಮೀಸಲಿಡುವ ಮೆಮೊರಿಯ) ಕಾಲುಭಾಗ ದಾಟಿದ ಕೂಡಲೇ ಪೋಸ್ಟ್‌ಗ್ರೆಸ್ ಬೇರೆ ಸೆಷನ್ ಆಗಲೇ ನಡೆಸುತ್ತಿರುವ ಸ್ಕ್ಯಾನ್ ಜೊತೆ ಸೇರಿಕೊಂಡು ಟೇಬಲ್‌ನ ನಡುವಿನಿಂದಲೂ ಓದಲು ಶುರುಮಾಡಬಹುದು. ಡಿಫಾಲ್ಟ್ 128 ಎಂಬಿ ಇದ್ದರೆ ಆ ಗಡಿ 32 ಎಂಬಿ. ಸಿಐನಲ್ಲಿ ಮೆಮೊರಿ ಉಳಿಸಲೆಂದು ಬಫರ್ ಇಳಿಸಿದ್ದರೆ ಗಡಿಯೂ ಇಳಿಯುತ್ತದೆ. ಆಗ ಲ್ಯಾಪ್‌ಟಾಪಿನಲ್ಲಿ ಎಂದೂ ಕಾಣದ ಕ್ರಮ ಅಲ್ಲಿ ಕಾಣುತ್ತದೆ. ಪ್ಯಾರಲಲ್ ಸ್ಕ್ಯಾನ್, ಹ್ಯಾಶ್ ಅಗ್ರಿಗೇಟ್ ಕಥೆಯೂ ಇದೇ. ಪಠ್ಯದ ಮೇಲೆ ಆರ್ಡರ್ ಬೈ ಹಾಕಿದರೂ ಸಾಲದು. ಸಣ್ಣಕ್ಷರ, ದೊಡ್ಡಕ್ಷರಗಳಲ್ಲಿ ಯಾವುದು ಮೊದಲು ಎಂಬುದು ಲೊಕೇಲ್ ಮೇಲೆ ನಿಂತಿದೆ. ಕೊಲೇಟ್ ಸಿ ಎಂದು ಬರೆದುಬಿಡಿ.

ಪ್ಲಾನ್ ತೋರಿಸುವ ಎಕ್ಸ್‌ಪ್ಲೇನ್ ಬಳಸುವಾಗ ಕಾಸ್ಟ್ಸ್ ಆಫ್ ಮಾಡಿ. ಎಕ್ಸ್‌ಪ್ಲೇನ್ ಅನಲೈಸ್ ಆದರೆ ಟೈಮಿಂಗ್, ಸಮರಿ, ಬಫರ್ಸ್ ಎಲ್ಲವನ್ನೂ ಆಫ್ ಮಾಡಿ. 18ನೇ ಆವೃತ್ತಿಯಿಂದ ಬಫರ್ಸ್ ತಾನಾಗಿಯೇ ಬರುವುದರಿಂದ ಹಳೆಯ ಟೆಸ್ಟ್‌ಗಳು ಅಲ್ಲಿ ಮುರಿಯುತ್ತವೆ. ಟೆಸ್ಟ್ ನಡುವೆ ಆಟೊವ್ಯಾಕ್ಯೂಮ್ ಬಂದು ಅನಲೈಸ್ (ಟೇಬಲ್‌ನ ಅಂಕಿಅಂಶ ಸಂಗ್ರಹಿಸುವ ಬೇರೆಯೇ ಆಜ್ಞೆ) ಮಾಡಿದರೆ ಅಂಕಿಅಂಶ ಬದಲಾಗಿ ಪ್ಲಾನೇ ತಿರುಗಿಬೀಳುತ್ತದೆ. ಆ ಟೇಬಲ್ಲಿಗೆ ಮಾತ್ರ ಆಟೊವ್ಯಾಕ್ಯೂಮ್ ನಿಲ್ಲಿಸಿ, ಡೇಟಾ ತುಂಬಿದ ಮೇಲೆ ನೀವೇ ಅನಲೈಸ್ ಕರೆಯಿರಿ. ಒಐಡಿ ಸಂಖ್ಯೆ (ಟೇಬಲ್ ಮುಂತಾದವಕ್ಕೆ ಸರ್ವರ್ ಕೊಡುವ ಗುರುತು), ಈಗಿನ ಸಮಯ, ಫೈಲ್ ಪಾತ್ ಯಾವುದೂ ಔಟ್‌ಪುಟ್‌ನಲ್ಲಿ ಬರಬಾರದು. ಪಿಜಿ_ರಿಗ್ರೆಸ್ ತಾನೇ ಅಮೆರಿಕದ ಪೆಸಿಫಿಕ್ ಟೈಮ್‌ಝೋನನ್ನೂ ಪೋಸ್ಟ್‌ಗ್ರೆಸ್ ಶೈಲಿಯ ದಿನಾಂಕವನ್ನೂ ಹೊಂದಿಸುತ್ತದೆ. ಅದೇ ಫೈಲನ್ನು ಕೈಯಾರೆ ಪಿಎಸ್‌ಕ್ಯುಎಲ್ ಎಂಬ ಕಮಾಂಡ್-ಲೈನ್ ಕ್ಲೈಂಟ್‌ನಲ್ಲಿ ಓಡಿಸಿ ದಿನಾಂಕ ಬೇರೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ಪಿಜಿಎಕ್ಸ್‌ಎಸ್‌ನಲ್ಲಿ ಪಟ್ಟಿಯ ಟೆಸ್ಟ್‌ಗಳೆಲ್ಲ ಒಂದೇ ಡೇಟಾಬೇಸ್‌ನಲ್ಲಿ ಒಂದರ ಹಿಂದೊಂದು ಓಡುತ್ತವೆ ಎಂಬುದೂ ನೆನಪಿರಲಿ. ಮೊದಲನೆಯದು ಬಿಟ್ಟುಹೋದ ಟೇಬಲ್ ಮೂರನೆಯದಕ್ಕೆ ಅಡ್ಡ ಬರುತ್ತದೆ.

ಫೇಲ್ ಆದಾಗ ರಿಸಲ್ಟ್ಸ್ ಫೋಲ್ಡರ್‌ನ ಫೈಲನ್ನು ಎಕ್ಸ್‌ಪೆಕ್ಟೆಡ್ ಮೇಲೆ ಕಾಪಿ ಮಾಡಿ ಕಮಿಟ್ ಮಾಡುವ ಚಾಳಿ ಎಲ್ಲ ತಂಡಗಳಲ್ಲೂ ಇದೆ. ಕಾಪಿ ಮಾಡಿ, ತಪ್ಪಿಲ್ಲ. ಆದರೆ ರಿಗ್ರೆಷನ್.ಡಿಫ್ಸ್‌ನ ಪ್ರತಿ ಸಾಲನ್ನೂ ಓದಿ, ಅದು ಯಾಕೆ ಬದಲಾಯಿತು ಎಂದು ಹೇಳಬಲ್ಲವರಾದ ಮೇಲೆ. ಇಲ್ಲದಿದ್ದರೆ ಬಗ್‌ ಅನ್ನೇ ಸರಿಯಾದ ಉತ್ತರ ಎಂದು ಬರೆದಿಟ್ಟಂತೆ.

ಇಂಡೆಕ್ಸ್‌ಗೆ ಎಕ್ಸ್‌ಪೆಕ್ಟೆಡ್ ಫೈಲಿಗಿಂತ ಒಳ್ಳೆಯ ಸಾಕ್ಷಿ ಒಂದಿದೆ: ಟೇಬಲ್ಲೇ. ಸೀಕ್‌ಸ್ಕ್ಯಾನ್ (ಇಡೀ ಟೇಬಲ್ ಓದುವುದು) ಆಫ್ ಮಾಡಿ ಕ್ವೆರಿ ಓಡಿಸಿ ಫಲಿತಾಂಶವನ್ನು ಒಂದು ಟೆಂಪ್ ಟೇಬಲ್‌ನಲ್ಲಿ ಇಡಿ. ಬಳಿಕ ಇಂಡೆಕ್ಸ್ ಸ್ಕ್ಯಾನ್, ಇಂಡೆಕ್ಸ್-ಓನ್ಲಿ ಸ್ಕ್ಯಾನ್, ಬಿಟ್‌ಮ್ಯಾಪ್ ಸ್ಕ್ಯಾನ್ ಮೂರನ್ನೂ ಆಫ್ ಮಾಡಿ ಅದೇ ಕ್ವೆರಿಯ ಫಲಿತಾಂಶವನ್ನು ಇನ್ನೊಂದರಲ್ಲಿ ಇಡಿ. ಎರಡರ ನಡುವೆ ಎಕ್ಸೆಪ್ಟ್ ಆಲ್ (ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲು ಕೊಡುವ ಆಜ್ಞೆ) ಅನ್ನು ಎರಡೂ ದಿಕ್ಕಿನಲ್ಲಿ ಹಾಕಿದಾಗ ಸೊನ್ನೆ ಸಾಲು ಬರಬೇಕು. ಸೀಕ್‌ಸ್ಕ್ಯಾನ್ ಆಫ್ ಎಂದರೆ ನಿಷೇಧವಲ್ಲ. ಬೇರೆ ದಾರಿ ಇಲ್ಲದಿದ್ದರೆ ಪ್ಲಾನರ್ ಅದನ್ನೇ ಹಿಡಿಯುತ್ತದೆ. ಆದ್ದರಿಂದ ಎಕ್ಸ್‌ಪ್ಲೇನ್‌ನಲ್ಲಿ ನಿಮ್ಮ ಇಂಡೆಕ್ಸ್ ಹೆಸರು ಬಂದಿದೆಯೇ ಎಂಬುದೂ ಟೆಸ್ಟಿನ ಭಾಗವಾಗಿರಲಿ. ಇಂಡೆಕ್ಸನ್ನು ಮುಟ್ಟದೆಯೇ ವರ್ಷಗಟ್ಟಲೆ ಪಾಸಾಗುವ ಇಂಡೆಕ್ಸ್ ಟೆಸ್ಟ್ ಬರೆಯುವುದು ತೀರಾ ಸುಲಭ.

ಹತ್ತು ಸಾಲು ಹಾಕಿ ನೋಡುವುದೂ ಅಂಥದ್ದೇ. ಪೇಜ್ 8192 ಬೈಟ್. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಇಂಡೆಕ್ಸ್ ಆದ ಬಿ-ಟ್ರೀಯಲ್ಲಿ ಇಂಟಿಜರ್ ಕೀ ಒಂದಕ್ಕೆ 16 ಬೈಟ್, ಅದರ ಪಾಯಿಂಟರ್‌ಗೆ 4. ಪೇಜಿಗೆ ಹೆಚ್ಚೆಂದರೆ ನಾನೂರು ಚಿಲ್ಲರೆ. ನಿಮ್ಮ ಇಂಡೆಕ್ಸಿನ ಲೆಕ್ಕ ಬೇರೆ ಇರಬಹುದು, ಆದರೆ ಮೊದಲ ಪೇಜ್ ತುಂಬುವ ತನಕ, ಅದನ್ನು ಎರಡಾಗಿ ಒಡೆಯುವ ಸ್ಪ್ಲಿಟ್ ಕೋಡ್ ಓಡುವುದೇ ಇಲ್ಲ. ಲಕ್ಷಗಟ್ಟಲೆ ಸಾಲು ಹಾಕುವ ಬದಲು ಕೀಯನ್ನೇ ಅಗಲ ಮಾಡಿದರೆ ಟೆಸ್ಟ್ ಬೇಗ ಮುಗಿಯುತ್ತದೆ. ಆಗಲೂ ರಿಪೀಟ್ ಫಂಕ್ಷನ್‌ನಿಂದ ಒಂದೇ ಅಕ್ಷರವನ್ನು 2000 ಸಲ ಬರೆದರೆ ಇಂಡೆಕ್ಸ್ ಟ್ಯೂಪಲ್ (ಇಂಡೆಕ್ಸಿನ ಒಂದು ನಮೂದು) ಕಟ್ಟುವಾಗ ಅದು ಕಂಪ್ರೆಸ್ ಆಗಿ ಪುಟ್ಟದಾಗಿಬಿಡುತ್ತದೆ. ಎಂಡಿ5 ಫಲಿತಾಂಶಗಳನ್ನು ಒಂದಕ್ಕೊಂದು ಅಂಟಿಸಿ ಉದ್ದ ಮಾಡಿ.

ವ್ಯಾಕ್ಯೂಮ್ ಬಗ್ಗೆಯೂ ಹೀಗೊಂದು ಬಲೆ ಇದೆ. 14ನೇ ಆವೃತ್ತಿಯಿಂದೀಚೆಗೆ, ಸತ್ತ ಸಾಲುಗಳಿರುವ ಪೇಜ್‌ಗಳು ಟೇಬಲ್‌ನ ಶೇ. 2ಕ್ಕಿಂತ ಕಡಿಮೆ ಇದ್ದರೆ ವ್ಯಾಕ್ಯೂಮ್ ಇಂಡೆಕ್ಸಿನ ತಂಟೆಗೇ ಹೋಗದೆ ಬಿಡಬಹುದು. ನೀವು ಒಂದೆರಡು ಸಾಲು ಅಳಿಸಿ ವ್ಯಾಕ್ಯೂಮ್ ಮಾಡಿ, ಬಲ್ಕ್ ಡಿಲೀಟ್ (ಸತ್ತ ಸಾಲುಗಳ ನಮೂದನ್ನು ಇಂಡೆಕ್ಸಿನಿಂದ ತೆಗೆಯುವ ಫಂಕ್ಷನ್) ಸರಿಯಿದೆ ಎಂದುಕೊಂಡಿರುತ್ತೀರಿ. ನಿಮ್ಮ ಫಂಕ್ಷನ್ನನ್ನು ಯಾರೂ ಕರೆದೇ ಇರುವುದಿಲ್ಲ. ಇಂಡೆಕ್ಸ್_ಕ್ಲೀನಪ್ ಆನ್ ಎಂಬ ಆಯ್ಕೆಯೊಂದಿಗೆ ವ್ಯಾಕ್ಯೂಮ್ ಕರೆಯಿರಿ. ಇನ್ನೊಂದು ಕಡೆ, ಅದೇ ಡೇಟಾಬೇಸ್‌ನಲ್ಲಿ ಬೇರೆ ಯಾವುದೋ ಸೆಷನ್ ಹಳೆಯ ಸ್ನ್ಯಾಪ್‌ಶಾಟ್ (ಡೇಟಾದ ಹಿಂದಿನ ಸ್ಥಿತಿಯ ನೋಟ) ಹಿಡಿದು ಕೂತಿದ್ದರೆ ಸತ್ತ ಸಾಲುಗಳನ್ನು ತೆಗೆಯಲು ಆಗುವುದಿಲ್ಲ. ಸಿಐನಲ್ಲಿ ಮಾತ್ರ ವ್ಯಾಕ್ಯೂಮ್ ಟೆಸ್ಟ್ ಎಡವುವುದಕ್ಕೆ ಇದು ಸಾಮಾನ್ಯ ಕಾರಣ.

ಇನ್ನು ಕ್ರ್ಯಾಶ್. ಮೊದಲು ಮೂರು ಪದ: ಪ್ರತಿ ಬದಲಾವಣೆಯನ್ನೂ ಮುಂಚೆಯೇ ಬರೆದಿಡುವ ಲಾಗ್ ವಾಲ್; ಮೆಮೊರಿಯಲ್ಲಿ ಬದಲಾದ ಪೇಜ್‌ಗಳನ್ನು ಡಿಸ್ಕ್‌ಗೆ ಇಳಿಸುವುದು ಚೆಕ್‌ಪಾಯಿಂಟ್; ಕ್ರ್ಯಾಶ್ ಬಳಿಕ ವಾಲ್ ಓದಿ ಚೆಕ್‌ಪಾಯಿಂಟ್‌ನಿಂದ ಮುಂದಿನ ಬದಲಾವಣೆಗಳನ್ನು ಮತ್ತೆ ಮಾಡುವುದು ರೀಡೂ. ಟ್ಯಾಪ್ ಟೆಸ್ಟಿನಲ್ಲಿ ಕ್ಲಸ್ಟರ್ ಒಂದನ್ನು ಹೊಸದಾಗಿ ಮಾಡಿ, ಕಾನ್ಫಿಗ್‌ಗೆ ಮೂರು ಸಾಲು ಸೇರಿಸಿ: ಚೆಕ್‌ಪಾಯಿಂಟ್_ಟೈಮ್‌ಔಟ್ 1 ಗಂಟೆ, ಆಟೊವ್ಯಾಕ್ಯೂಮ್ ಆಫ್, ವಾಲ್_ಕನ್ಸಿಸ್ಟೆನ್ಸಿ_ಚೆಕಿಂಗ್ ಆಲ್. ಸ್ಟಾರ್ಟ್ ಮಾಡಿ, ಎಕ್ಸ್‌ಟೆನ್ಷನ್, ಟೇಬಲ್, ಇಂಡೆಕ್ಸ್ ಸೃಷ್ಟಿಸಿ. ಈಗ ಚೆಕ್‌ಪಾಯಿಂಟ್ ಕೊಡಿ. ಅದಾದ ಮೇಲೆ ಕೆಲವು ಸಾವಿರ ಸಾಲು ಹಾಕಿ, ಒಂದಷ್ಟು ಅಳಿಸಿ, ವ್ಯಾಕ್ಯೂಮ್ ಮಾಡಿ, ಮತ್ತೆ ಹಾಕಿ. ಬ್ಯಾಕ್‌ಗ್ರೌಂಡ್ ಪಿಎಸ್‌ಕ್ಯುಎಲ್‌ನಲ್ಲಿ ಇನ್ನೊಂದು ಸೆಷನ್ ತೆರೆದು, ಅದರಲ್ಲಿ ಕಮಿಟ್ ಆಗದ ಇನ್ಸರ್ಟ್ ಒಂದನ್ನು ಹಾಗೇ ನೇತಾಡಿಸಿ. ಆಮೇಲೆ ಸ್ಟಾಪ್ ಇಮಿಡಿಯೆಟ್, ಸ್ಟಾರ್ಟ್, ಮತ್ತು ಮೇಲೆ ಹೇಳಿದ ಎರಡು ದಿಕ್ಕಿನ ಹೋಲಿಕೆ.

ಇಲ್ಲಿ ಪ್ರತಿ ಹೆಜ್ಜೆಗೂ ಕಾರಣವಿದೆ. ಸ್ಟಾಪ್ ಫಾಸ್ಟ್ ಕೊಟ್ಟರೆ ಸರ್ವರ್ ನಿಲ್ಲುವ ಮುನ್ನ ಶಟ್‌ಡೌನ್ ಚೆಕ್‌ಪಾಯಿಂಟ್ ಮಾಡುತ್ತದೆ. ಆಗ ಮುಂದಿನ ಸ್ಟಾರ್ಟ್‌ನಲ್ಲಿ ರೀಡೂಗೆ ಕೆಲಸವೇ ಇರುವುದಿಲ್ಲ. ಕ್ರ್ಯಾಶ್ ಟೆಸ್ಟ್ ಎಂಬ ಹೆಸರಿನ ಎಷ್ಟೋ ಟೆಸ್ಟ್‌ಗಳು ಬರೀ ರೀಸ್ಟಾರ್ಟ್ ಟೆಸ್ಟ್‌ಗಳಾಗಿರುವುದು ಹೀಗೆ. ರಿಕವರಿ ನಿಜಕ್ಕೂ ನಡೆಯಿತು ಎಂದು ಸರ್ವರ್ ಲಾಗ್‌ನಲ್ಲಿ ‘ರೀಡೂ ಸ್ಟಾರ್ಟ್ಸ್ ಅಟ್’ ಸಾಲನ್ನು ಹುಡುಕಿ ಖಾತ್ರಿ ಮಾಡಿಕೊಳ್ಳಿ. ಸಿಂಕ್ರೊನಸ್_ಕಮಿಟ್ ಆಫ್ ಇದ್ದರೆ ಕಮಿಟ್ ಆಯಿತೆಂದು ಹೇಳಿದ ಕೊನೆಯ ಟ್ರಾನ್ಸಾಕ್ಷನ್‌ಗಳೇ ಕಳೆದುಹೋಗಬಹುದು. ಅದು ಬಗ್ ಅಲ್ಲ, ಸೆಟ್ಟಿಂಗ್.

ಚೆಕ್‌ಪಾಯಿಂಟ್ ಇಟ್ಟ ಜಾಗ ಇನ್ನೂ ಸೂಕ್ಷ್ಮ. ಚೆಕ್‌ಪಾಯಿಂಟ್ ಆದ ಮೇಲೆ ಪೇಜ್ ಮೊದಲ ಸಲ ಬದಲಾದಾಗ ಆ ಇಡೀ ಪೇಜಿನ ನಕಲು ವಾಲ್‌ಗೆ ಹೋಗುತ್ತದೆ. ರಿಕವರಿಯಲ್ಲಿ ಆ ನಕಲನ್ನು ಹಾಗೇ ತಂದು ಕೂರಿಸಲಾಗುತ್ತದೆ, ಬದಲಾವಣೆಯನ್ನು ಅನ್ವಯಿಸುವ ನಿಮ್ಮ ರೀಡೂ ಕೋಡ್ ಓಡುವುದಿಲ್ಲ. ಒಂದೇ ಪೇಜನ್ನು ಎರಡನೇ, ಮೂರನೇ ಸಲ ಮುಟ್ಟಿದಾಗ ಮಾತ್ರ ಅದರ ಸರದಿ. ಆದ್ದರಿಂದ ಚೆಕ್‌ಪಾಯಿಂಟ್ ಬಳಿಕ ಒಂದೇ ಇನ್ಸರ್ಟ್ ಮಾಡಿ ಸರ್ವರ್ ಕೊಲ್ಲುವ ಟೆಸ್ಟ್ ನಿಮ್ಮ ಕೋಡಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಫುಲ್_ಪೇಜ್_ರೈಟ್ಸ್ ಆಫ್ ಮಾಡಿದ ಎರಡನೇ ಓಟವನ್ನೂ ಇಟ್ಟುಕೊಳ್ಳಿ. ವಾಲ್_ಕನ್ಸಿಸ್ಟೆನ್ಸಿ_ಚೆಕಿಂಗ್ ಆನ್ ಇದ್ದಾಗ ಸರ್ವರ್, ರೀಡೂ ಕಟ್ಟಿದ ಪೇಜನ್ನು ಮೂಲ ಪೇಜಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಬ್ಲಾಕ್ ಸಂಖ್ಯೆ ಸಮೇತ ಫೇಟಲ್ ಎರರ್ ಕೊಡುತ್ತದೆ. ಕ್ವೆರಿಯ ಫಲಿತಾಂಶದಲ್ಲಿ ಇನ್ನೂ ಕಾಣದ ದೋಷವೂ ಇಲ್ಲಿ ಸಿಗುತ್ತದೆ. ವಾಲ್ ಗಾತ್ರ ಬಹಳ ಹಿಗ್ಗುತ್ತದೆ, ಅದಕ್ಕೆ ಡಿಸ್ಕ್ ಜಾಗ ನೋಡಿಕೊಳ್ಳಿ.

ಎರಡು ವಿಷಯ ತಿಳಿದಿರಬೇಕು. ಟ್ಯಾಪ್ ಕ್ಲಸ್ಟರ್ ಎಫ್‌ಸಿಂಕ್ (ಬರೆದದ್ದು ಡಿಸ್ಕ್ ತಲುಪಿತೆಂದು ಖಾತ್ರಿ ಮಾಡಿಕೊಳ್ಳುವುದು) ಆಫ್ ಮಾಡಿಯೇ ಹುಟ್ಟುತ್ತದೆ. ಪ್ರೊಸೆಸ್ ಸತ್ತರೂ ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್ ಉಳಿಯುವುದರಿಂದ ಈ ಟೆಸ್ಟ್‌ಗೆ ತೊಂದರೆಯಿಲ್ಲ. ಆದರೆ ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನು ಇದು ಪರೀಕ್ಷಿಸುತ್ತಿಲ್ಲ. ಹಾಗೆಯೇ ರೀಸ್ಟಾರ್ಟ್_ಆಫ್ಟರ್_ಕ್ರ್ಯಾಶ್ ಕೂಡ ಆಫ್ ಇರುತ್ತದೆ. ಒಂದು ಬ್ಯಾಕೆಂಡನ್ನು (ಒಂದು ಸೆಷನ್‌ನ ಪ್ರೊಸೆಸ್ಸನ್ನು) ಮಾತ್ರ ಕೊಂದು ಸರ್ವರ್ ತಾನಾಗಿ ಎದ್ದು ನಿಲ್ಲುವುದನ್ನು ನೋಡಬೇಕಾದರೆ ಅದನ್ನು ಆನ್ ಮಾಡಿ.

ಬದಲಾವಣೆಗಳನ್ನು ವಾಲ್‌ಗೆ ಬರೆಯದ ಅನ್‌ಲಾಗ್ಡ್ ಟೇಬಲ್ ಮೇಲೂ ನಿಮ್ಮ ಇಂಡೆಕ್ಸ್ ಕಟ್ಟಿ ಇದೇ ರೀತಿ ಬೀಳಿಸಿ ನೋಡಿ. ಕ್ರ್ಯಾಶ್ ಆದ ಮೇಲೆ ಆ ಟೇಬಲ್ ಖಾಲಿಯಾಗುತ್ತದೆ, ಇಂಡೆಕ್ಸ್ ಇನಿಟ್ ಫೋರ್ಕ್‌ನಿಂದ (ಖಾಲಿ ಸ್ಥಿತಿಯನ್ನು ಉಳಿಸಿಟ್ಟ ಫೈಲಿನಿಂದ) ಮರುಹುಟ್ಟು ಪಡೆಯುತ್ತದೆ. ಖಾಲಿ ಇಂಡೆಕ್ಸ್ ಕಟ್ಟುವ ಕಾಲ್‌ಬ್ಯಾಕ್‌ನಲ್ಲಿ ಮೆಟಾಪೇಜ್ (ಇಂಡೆಕ್ಸಿನ ವಿವರ ಇಡುವ ಪೇಜ್) ಬರೆಯಲು ಅಥವಾ ವಾಲ್‌ಗೆ ಹಾಕಲು ಮರೆತಿದ್ದರೆ ಆಮೇಲಿನ ಮೊದಲ ಇನ್ಸರ್ಟ್‌ನಲ್ಲೇ ಗೊತ್ತಾಗುತ್ತದೆ. ಹೊಸ ಇಂಡೆಕ್ಸ್ ಬರೆಯುವವರು ಮರೆಯುವ ಜಾಗಗಳಲ್ಲಿ ಇದು ಮುಂಚೂಣಿಯಲ್ಲಿದೆ.

ಸ್ಟ್ಯಾಂಡ್‌ಬೈ ಟೆಸ್ಟ್‌ಗೆ ಪೋಸ್ಟ್‌ಗ್ರೆಸ್ ಮೂಲದಲ್ಲೇ ಇರುವ ಬ್ಲೂಮ್ ಎಕ್ಸ್‌ಟೆನ್ಷನ್‌ನ ಟ್ಯಾಪ್ ಟೆಸ್ಟ್ ಓದಿ. ಚಿಕ್ಕದು. ಪ್ರೈಮರಿಯಲ್ಲಿ (ಮೂಲ ಸರ್ವರ್‌ನಲ್ಲಿ) ಬದಲಾವಣೆ ಮಾಡುವುದು, ಸ್ಟ್ಯಾಂಡ್‌ಬೈ ಹಿಡಿದುಕೊಳ್ಳುವ ತನಕ ಕಾಯುವುದು, ಎರಡೂ ಕಡೆ ಅದೇ ಕ್ವೆರಿ ಕೇಳಿ ಹೋಲಿಸುವುದು, ಇಷ್ಟನ್ನೇ ಮತ್ತೆ ಮತ್ತೆ ಮಾಡುತ್ತದೆ. ಕಾಯುವುದಕ್ಕೆ ಅಲ್ಲಿ ಸ್ಲೀಪ್ ಇಲ್ಲ. ವೇಟ್_ಫಾರ್_ಕ್ಯಾಚಪ್ ಪ್ರೈಮರಿಯ ಈಗಿನ ವಾಲ್ ಸ್ಥಾನವನ್ನು ನೋಡಿಕೊಂಡು, ಸ್ಟ್ಯಾಂಡ್‌ಬೈ ಅಲ್ಲಿಯವರೆಗೆ ರೀಪ್ಲೇ ಮಾಡುವ ತನಕ ಕಾಯುತ್ತದೆ. ಬೇರೆ ಸ್ಥಿತಿಗೆ ಕಾಯಬೇಕಾದರೆ ಪೋಲ್_ಕ್ವೆರಿ_ಅಂಟಿಲ್, ಲಾಗ್ ಸಾಲಿಗೆ ಕಾಯಬೇಕಾದರೆ ವೇಟ್_ಫಾರ್_ಲಾಗ್. ನಿಮ್ಮ ಸ್ಲೀಪ್‌ಗಳನ್ನೆಲ್ಲ ಹುಡುಕಿ, ಪ್ರತಿಯೊಂದಕ್ಕೂ ‘ಇಲ್ಲಿ ಯಾವುದಕ್ಕೆ ಕಾಯುತ್ತಿದ್ದೇನೆ’ ಎಂದು ಕೇಳಿ. ಆ ಉತ್ತರವನ್ನೇ ಕ್ವೆರಿಯಾಗಿ ಬರೆಯಿರಿ. ಇವುಗಳ ಟೈಮ್‌ಔಟ್ ಡಿಫಾಲ್ಟ್ ಆಗಿ 180 ಸೆಕೆಂಡ್. ದೊಡ್ಡದಾಯಿತೆಂದು ಇಳಿಸಬೇಡಿ. ಟೈಮ್‌ಔಟ್ ಪೂರ್ತಿ ಖರ್ಚಾಗುವುದು ಫೇಲ್ ಆದಾಗ ಮಾತ್ರ, ಸ್ಲೀಪ್ ಪ್ರತಿ ಸಲವೂ ಖರ್ಚಾಗುತ್ತದೆ.

ಎರಡು ಸೆಷನ್‌ಗಳ ಪೈಪೋಟಿಗೆ ಐಸೊಲೇಷನ್ ಟೆಸ್ಟರ್. ಸ್ಪೆಕ್ ಫೈಲಿನಲ್ಲಿ ಸೆಟಪ್, ಸೆಷನ್‌ಗಳು, ಅವುಗಳ ಸ್ಟೆಪ್‌ಗಳು, ಕೊನೆಗೆ ಪರ್ಮ್ಯುಟೇಷನ್‌ಗಳು. ಪರ್ಮ್ಯುಟೇಷನ್ ಬರೆಯದಿದ್ದರೆ ಸಾಧ್ಯವಿರುವ ಎಲ್ಲ ಕ್ರಮಗಳನ್ನೂ ಓಡಿಸುತ್ತದೆ. ಎರಡು ಸೆಷನ್, ತಲಾ ನಾಲ್ಕು ಹೆಜ್ಜೆ ಎಂದರೆ 70 ಕ್ರಮ, ತೊಂದರೆಯಿಲ್ಲ. ಮೂರು ಸೆಷನ್, ತಲಾ ಮೂರು ಹೆಜ್ಜೆಗೆ 1680. ಯಾರೂ ಆ ಔಟ್‌ಪುಟ್ ಓದುವುದಿಲ್ಲ. ಹತ್ತರೊಳಗೆ ಆರಿಸಿ ಬರೆಯಿರಿ. ಒಂದು ಹೆಜ್ಜೆ ಲಾಕ್‌ಗಾಗಿ ಕಾಯುತ್ತ ನಿಂತರೆ ಟೆಸ್ಟರ್ ಅದನ್ನು ಸರ್ವರ್‌ನಿಂದಲೇ ಕೇಳಿ ತಿಳಿದು, ‘ವೇಟಿಂಗ್’ ಎಂದು ಮುದ್ರಿಸಿ ಮುಂದಿನ ಹೆಜ್ಜೆಗೆ ಹೋಗುತ್ತದೆ. ಒಂದು ಹೆಜ್ಜೆ ಮುಗಿದಾಗ ಕಾಯುತ್ತಿದ್ದ ಎರಡು ಹೆಜ್ಜೆಗಳು ಒಟ್ಟಿಗೆ ಬಿಡುಗಡೆಯಾದರೆ ಯಾವುದು ಮೊದಲು ವರದಿಯಾಗುತ್ತದೆ ಎಂಬುದು ಅದೃಷ್ಟ. ಪರ್ಮ್ಯುಟೇಷನ್ ಸಾಲಿನಲ್ಲಿ ಆ ಹೆಜ್ಜೆಯ ಪಕ್ಕ ಆವರಣದಲ್ಲಿ ಇನ್ನೊಂದರ ಹೆಸರು ಬರೆದರೆ, ಅದು ಮುಗಿಯುವ ತನಕ ಇದರ ವರದಿ ತಡೆಹಿಡಿಯಲಾಗುತ್ತದೆ.

ಆದರೆ ಈ ಟೆಸ್ಟರ್‌ಗೆ ಕಾಣುವುದು ಟೇಬಲ್, ಸಾಲು, ಟ್ರಾನ್ಸಾಕ್ಷನ್ ಮಟ್ಟದ ಲಾಕ್‌ಗಳು. ಬಫರ್ ಲಾಕ್, ಎಲ್‌ಡಬ್ಲ್ಯುಲಾಕ್‌ನಂಥ ಸರ್ವರ್ ಒಳಗಿನ ಹಗುರ ಲಾಕ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಒಬ್ಬರು ಪೇಜ್ ಸ್ಪ್ಲಿಟ್ ಮಾಡಿ ಬಲಗಡೆಯ ಪೇಜ್ ಬರೆದಾಗಿದೆ, ಮೇಲಿನ ಪೇಜಿಗೆ ಕೊಂಡಿ ಇನ್ನೂ ಹಾಕಿಲ್ಲ, ಅದೇ ಕ್ಷಣಕ್ಕೆ ಇನ್ನೊಬ್ಬರ ಸ್ಕ್ಯಾನ್ ಅಲ್ಲಿಗೆ ಬಂತು: ಇಂಡೆಕ್ಸಿನ ಘೋರ ಬಗ್‌ಗಳು ಇರುವುದು ಇಂಥ ಸಂದಿಯಲ್ಲೇ. ಅಲ್ಲಿ ನಿಲ್ಲಿಸಿ ನೋಡಲು 17ನೇ ಆವೃತ್ತಿಯಿಂದ ಇಂಜೆಕ್ಷನ್ ಪಾಯಿಂಟ್‌ಗಳಿವೆ. ಸರ್ವರನ್ನು ಎನೇಬಲ್-ಇಂಜೆಕ್ಷನ್-ಪಾಯಿಂಟ್ಸ್ ಆಯ್ಕೆಯೊಂದಿಗೆ ಬಿಲ್ಡ್ ಮಾಡಿರಬೇಕು. ನಿಮ್ಮ ಸಿ ಕೋಡಿನಲ್ಲಿ ಆ ಎರಡು ಬರಹಗಳ ನಡುವೆ ಹೆಸರಿಟ್ಟ ಪಾಯಿಂಟ್ ಒಂದನ್ನು ನೆಡಿ. ಟೆಸ್ಟಿನಲ್ಲಿ ಇಂಜೆಕ್ಷನ್_ಪಾಯಿಂಟ್ಸ್_ಅಟ್ಯಾಚ್ ಕರೆದು ಅದಕ್ಕೆ ವೇಟ್ ಎಂದು ಹೇಳಿದರೆ ಮೊದಲ ಸೆಷನ್ ಅಲ್ಲೇ ನಿಲ್ಲುತ್ತದೆ. ಎರಡನೆಯದು ತನ್ನ ಸ್ಕ್ಯಾನ್ ಮುಗಿಸಿದ ಮೇಲೆ ವೇಕಪ್ ಕರೆಯಿರಿ. ವೇಟ್ ಬದಲು ಎರರ್ ಎಂದರೆ ಅರ್ಧ ಸ್ಪ್ಲಿಟ್ ಆದ ಇಂಡೆಕ್ಸ್ ಮುಂದೆ ಸರಿಯಾಗಿ ನಡೆಯುತ್ತದೆಯೇ ಎಂದೂ ನೋಡಬಹುದು. ಕ್ರಿಟಿಕಲ್ ಸೆಕ್ಷನ್ ಒಳಗೆ ಮಾತ್ರ ಪಾಯಿಂಟ್ ಇಡಬೇಡಿ, ಅಲ್ಲಿ ಯಾವುದೇ ಎರರ್ ಇಡೀ ಸರ್ವರನ್ನು ಬೀಳಿಸುತ್ತದೆ. ಸ್ಕ್ಯಾನ್‌ಗೆ ಬೇಕಾದ ಬಫರ್ ಲಾಕನ್ನೇ ಹಿಡಿದು ಮೊದಲ ಸೆಷನ್ ನಿಂತಿದ್ದರೆ ಟೆಸ್ಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬರೆದ ಪ್ರತಿ ಟೆಸ್ಟನ್ನೂ ಒಮ್ಮೆ ಬೇಕೆಂದೇ ಮುರಿಯಿರಿ. ರೀಡೂ ಫಂಕ್ಷನ್‌ನಲ್ಲಿ ಒಂದು ಸಾಲು ಕಾಮೆಂಟ್ ಮಾಡಿ. ಟೆಸ್ಟ್ ಆಗಲೂ ಪಾಸ್ ಆದರೆ ಅದನ್ನು ಅಳಿಸಿ ಹೊಸದಾಗಿ ಬರೆಯಿರಿ.

ಅಪರೂಪಕ್ಕೆ ಫೇಲ್ ಆಗುವುದನ್ನು ಸರಿಪಡಿಸಿದಿರಿ ಎಂದುಕೊಳ್ಳಿ, ಎಷ್ಟು ಸಲ ಓಡಿಸಿದರೆ ನಂಬಬಹುದು? ಇಪ್ಪತ್ತರಲ್ಲಿ ಒಮ್ಮೆ ಫೇಲ್ ಆಗುವ ಟೆಸ್ಟ್, ಏನೂ ಸರಿಪಡಿಸದಿದ್ದರೂ, ಸತತ 20 ಸಲ ಪಾಸಾಗುವ ಸಂಭವ ಶೇ. 36. ಶೇ. 95 ಭರವಸೆ ಬೇಕಾದರೆ 59 ಸಲ ಪಾಸಾಗಬೇಕು. ನೂರರಲ್ಲಿ ಒಮ್ಮೆಯಾದರೆ 299 ಸಲ. ಸುಮ್ಮನೆ ಲೂಪ್‌ನಲ್ಲಿ ಓಡಿಸುವ ಬದಲು ಸಿಪಿಯು ಮೇಲೆ ಬೇರೆ ಹೊರೆ ಹಾಕಿ, ಅಥವಾ ಸರ್ವರನ್ನು ಒಂದೇ ಕೋರ್‌ಗೆ ಕಟ್ಟಿಹಾಕಿ ಓಡಿಸಿದರೆ ಸಿಐನ ವಾತಾವರಣ ಲ್ಯಾಪ್‌ಟಾಪ್‌ಗೇ ಬರುತ್ತದೆ. ಫೇಲ್ ಆದರೆ ತಾನಾಗಿ ಮತ್ತೆ ಓಡಿಸುವ ಸಿಐ ಸೆಟ್ಟಿಂಗ್ ಇದ್ದರೆ ತೆಗೆದುಹಾಕಿ. ಡೇಟಾಬೇಸ್ ಕೋಡಿನಲ್ಲಿ ನೂರಕ್ಕೊಮ್ಮೆ ಬರುವ ಫೇಲ್ ಎಷ್ಟೋ ಸಲ ಟೆಸ್ಟಿನ ದೋಷವಾಗಿರದೆ ನಿಜವಾದ ರೇಸ್ (ಸೆಷನ್‌ಗಳ ಪೈಪೋಟಿಯಿಂದ ಬರುವ ಬಗ್) ಆಗಿರುತ್ತದೆ.

ಸಿಐ ಕಂಟೇನರ್‌ನಲ್ಲಿ ಇನ್ನು ಕೆಲವು ಸಣ್ಣ ಕಿರಿಕಿರಿಗಳಿವೆ. ರೂಟ್ ಆಗಿ ಇನಿಟ್‌ಡಿಬಿಯೂ ಸರ್ವರ್ರೂ ಓಡುವುದಿಲ್ಲ, ಬೇರೆ ಯೂಸರ್ ಮಾಡಿ. ಯೂನಿಕ್ಸ್ ಸಾಕೆಟ್ ಪಾತ್ ಲಿನಕ್ಸ್‌ನಲ್ಲಿ 107 ಬೈಟ್ ಮೀರುವಂತಿಲ್ಲ. ಸಿಐನ ಉದ್ದುದ್ದ ಫೋಲ್ಡರ್‌ಗಳಲ್ಲಿ ನೀವೇ ಸಾಕೆಟ್ ಇಟ್ಟರೆ ಸರ್ವರ್ ಏಳುವುದಿಲ್ಲ. ಡಾಕರ್‌ನ ಶೇರ್ಡ್ ಮೆಮೊರಿ ಡಿಫಾಲ್ಟ್ ಆಗಿ 64 ಎಂಬಿ, ಪ್ಯಾರಲಲ್ ಕ್ವೆರಿಗಳು ಅಲ್ಲಿ ಜಾಗವಿಲ್ಲವೆಂದು ಬೀಳುತ್ತವೆ. ಕಂಟೇನರ್ ಶುರುಮಾಡುವಾಗಲೇ ಏರಿಸಿ. ಫೇಲ್ ಆದಾಗ ರಿಗ್ರೆಷನ್.ಡಿಫ್ಸ್, ರಿಸಲ್ಟ್ಸ್ ಫೋಲ್ಡರ್, ಟಿಎಂಪಿ_ಚೆಕ್ ಒಳಗಿನ ಲಾಗ್‌ಗಳು, ಕೋರ್ ಫೈಲ್ ಇಷ್ಟನ್ನೂ ಆರ್ಟಿಫ್ಯಾಕ್ಟ್ ಆಗಿ ಉಳಿಸಿಕೊಳ್ಳಿ. ಪಿಜಿ_ಟೆಸ್ಟ್_ನೋಕ್ಲೀನ್ ಹೊಂದಿಸಿದರೆ ಟ್ಯಾಪ್ ಟೆಸ್ಟ್‌ನ ಡೇಟಾ ಫೋಲ್ಡರ್ ಕೂಡ ಅಳಿಯದೆ ಉಳಿಯುತ್ತದೆ. ಕೆಟ್ಟ ಪೇಜ್ ಯಾವುದೆಂದು, ಪೇಜ್‌ಗಳ ಒಳಗನ್ನು ತೋರಿಸುವ ಪೇಜ್‌ಇನ್ಸ್‌ಪೆಕ್ಟ್ ಎಕ್ಸ್‌ಟೆನ್ಷನ್‌ನಲ್ಲಿ ತೆರೆದು ನೋಡಲು ಅದು ಬೇಕೇ ಬೇಕು.